ನೂರು ದಾಟಿದ ಉಪ್ಪು

ಉಲಗಮ್ಮಾಳ್ ನಮ್ಮ ಲ್ಯಾಬಿಗೆ ಬಂದ ಮೊದಲ ದಿನವೇ ನನ್ನಿಂದ ಬೈಸಿಕೊಂಡಳು. ಪರೀಕ್ಷೆಗೆಂದು ಬಂದಿದ್ದ ಪೊಟ್ಟಣದಿಂದ ಒಂದು ಹರಳು ತೆಗೆದು ಬಾಯಿಗೆ ಹಾಕಿಕೊಂಡಿದ್ದಳು.

"ಇದೇನು ಊಟದ ಮನೇನಾ ಅಕ್ಕ?" ಅಂದೆ.

ಅವಳು ಹರಳನ್ನು ನಾಲಿಗೆಯ ಮೇಲೆ ಹೊರಳಿಸುತ್ತಲೇ, "ಉಪ್ಪು ಕೂತ ಮೇಲೆ ಉಳಿಯೋ ಕಹಿ ನೀರು ಬಸಿಯೋಕೆ ಮುಂಚೇನೇ ಎಳೆದು ರಾಶಿ ಹಾಕಿದಾರೆ ಅಮ್ಮ. ಅವಸರದ ಉಪ್ಪು ಇದು," ಅಂದಳು.

ಮಧ್ಯಾಹ್ನ ಪರೀಕ್ಷೆ ಮುಗಿಸಿ ನೋಡಿದರೆ ಶುದ್ಧತೆ ನೂರಕ್ಕೆ ತೊಂಬತ್ತಾರು. ಅವಸರದ ಉಪ್ಪೇ. ಹದಿನೇಳು ವರ್ಷ ಗಾಜಿನ ಸಾಮಾನಿನ ಜೊತೆ ಒದ್ದಾಡಿದ ನಾನು ಅರ್ಧ ದಿನ ತೆಗೆದುಕೊಂಡಿದ್ದನ್ನು ಬಾಟಲಿ ತೊಳೆಯಲು ಬಂದವಳು ಅರೆ ನಿಮಿಷದಲ್ಲಿ ಹೇಳಿದ್ದಳು. ನನಗೆ ಮತ್ತಷ್ಟು ಸಿಟ್ಟು ಬಂತು.

ನನಗೆ ಸಿಟ್ಟು ಬೇಗ ಬರುತ್ತದೆ. ತೂತುಕುಡಿಯ ಮೀನುಗಾರರ ಬೀದಿಯಲ್ಲಿ ಹುಟ್ಟಿದವಳು ನಾನು, ಹೆಸರು ಜೆಸಿಂತಾ. ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೋ ಹುಷಾರಿಲ್ಲ ಅಂತ ಅರ್ಥ. ಉಲಗಮ್ಮಾಳ್ ನನಗೆ ತದ್ವಿರುದ್ಧ. ಹನ್ನೆರಡನೇ ವಯಸ್ಸಿಗೆ ಅವ್ವನ ಹಿಂದೆ, ಸಮುದ್ರದ ನೀರು ಕಟ್ಟಿ ಉಪ್ಪು ಒಣಗಿಸುವ ಪಾತಿಗೆ ಇಳಿದು ಮೂವತ್ತು ವರ್ಷ ಅಲ್ಲೇ ಕಳೆದವಳು. ಬೆಳಗಿನ ಜಾವಕ್ಕೆ ಹೋಗಿ, ಮರದ ಹಲಗೆಯಿಂದ ಉಪ್ಪು ಎಳೆದು, ಬುಟ್ಟಿಯಲ್ಲಿ ಹೊತ್ತು ದಂಡೆಯ ಮೇಲೆ ರಾಶಿ ಹಾಕುವುದು ಅವಳ ಕೆಲಸ. ಬಿಳಿ ಉಪ್ಪಿನ ಮೇಲೆ ಬಿದ್ದ ಬಿಸಿಲು ನೋಡಿ ನೋಡಿ ಕಣ್ಣು ಮಂಜಾಯಿತು. ಪಾದದ ಹುಣ್ಣು ಒಣಗದೆ ಹೋದಾಗ ಡಾಕ್ಟರು, ಇನ್ನು ಉಪ್ಪು ನೀರಿಗೆ ಕಾಲಿಟ್ಟರೆ ಕಾಲೇ ಇರಲ್ಲ ಅಂದರಂತೆ. ಹಾಗೆ ಬಂದವಳು ನಮ್ಮಲ್ಲಿಗೆ. ಒಂದೇ ಮಗಳನ್ನು ಕೋವಿಲ್‌ಪಟ್ಟಿಗೆ ಕೊಟ್ಟಿದ್ದಳು. ಗಂಡ ಸುಡಲೈ ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಭಾನುವಾರ ಕುಡಿದು ಹಾಡುತ್ತಿದ್ದ.

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ, ಅಕ್ಷರ ಬಾರದ ಅವಳಿಗೆ ನಾನು ಅಂಕಿ ಕಲಿಸಿದೆ. ಪ್ರೀತಿಗಲ್ಲ, ನನ್ನ ಅನುಕೂಲಕ್ಕೆ. ನನಗೂ ಚಾಳೀಸು ಬಂದಿತ್ತು, ಬ್ಯುರೆಟ್ಟಿನ ಸಣ್ಣ ಗೆರೆಗಳನ್ನು ಓದಲು ಇನ್ನೊಬ್ಬರು ಬೇಕಿತ್ತು. ಆ ಉದ್ದನೆಯ ಗಾಜಿನ ಕೊಳವೆಯಲ್ಲೇ ಅವಳು ಒಂದರಿಂದ ಐವತ್ತರವರೆಗೆ ಎಣಿಸುವುದನ್ನು ಕಲಿತಳು, ಅದೂ ಮೇಲಿನಿಂದ ಕೆಳಕ್ಕೆ. ಟೀಚರಮ್ಮ ಅನ್ನುವ ಹೆಸರು ನನಗೆ ಅಂಟಿದ್ದು ಹಾಗೆ. ಕೆಲವೇ ದಿನಗಳಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆಯಿತು.

ಈಗ ಆ ವಾರದ ಕಥೆಗೆ ಬರುತ್ತೇನೆ. ಆ ವರ್ಷ ಉಲಗಮ್ಮಾಳ್‌ಳ ಕೇರಿಯ ಹನ್ನೊಂದು ಹೆಂಗಸರು ಸೇರಿ, ಯಾರದೋ ಕೈಕೆಳಗೆ ದುಡಿದಿದ್ದು ಸಾಕು ಅಂತ, ನಾಲ್ಕು ಎಕರೆ ಪಾತಿಯನ್ನು ತಾವೇ ಗುತ್ತಿಗೆ ಹಿಡಿದಿದ್ದರು. ಕಾಲಿಡಲಾಗದ ಉಲಗಮ್ಮಾಳ್ ಹನ್ನೆರಡನೆಯವಳು. ಭಾನುವಾರ ದಂಡೆಯ ಮೇಲೆ ಕೂತು ಯಾವಾಗ ನೀರು ಬಿಡಬೇಕು, ಯಾವಾಗ ಎಳೆಯಬೇಕು ಅಂತ ಹೇಳುವುದು ಅವಳ ಪಾಲಿನ ಕೆಲಸ. ಬಿಸಿಲೇರುವ ಪಂಗುನಿ ತಿಂಗಳಲ್ಲಿ ಮೊದಲ ರಾಶಿ ಎದ್ದಿತು. ಒಂದು ರಾಸಾಯನಿಕ ಕಾರ್ಖಾನೆಯವರು ನೋಡಿಕೊಂಡು ಹೋದರು. ತೊಂಬತ್ತೆಂಟು ಇದೆ ಅಂತ ಲ್ಯಾಬಿನ ಕಾಗದ ಕೊಟ್ಟರೆ ಶುಕ್ರವಾರ ಲಾರಿ ಕಳಿಸುತ್ತೇವೆ, ಈ ವರ್ಷದ ಉಪ್ಪೆಲ್ಲ ನಮಗೇ ಅಂದರು. ಕಾಗದ ಇಲ್ಲದಿದ್ದರೆ ಲಾರಿ ಇಲ್ಲ. ಆ ರಾಶಿ ಹೋಗದಿದ್ದರೆ ಬರುವ ವರ್ಷ ಪಾತಿ ಹಳೆಯ ಮಾಲೀಕನಿಗೆ, ಹನ್ನೊಂದು ಜನ ಮತ್ತೆ ಅವನ ಬುಟ್ಟಿ ಹೊರಲು.

ಸೋಮವಾರ ಉಲಗಮ್ಮಾಳ್ ಆ ಉಪ್ಪಿನ ಪೊಟ್ಟಣವನ್ನು ತನ್ನ ಊಟದ ಚೀಲದಲ್ಲೇ ಇಟ್ಟುಕೊಂಡು ಬಂದಳು. ಅದೇ ದಿನ ನಮ್ಮಲ್ಲಿಗೆ ಇನ್ನೊಂದು ಹೊಸ ಸಾಮಾನು ಬಂತು. ನೀರು ಭಟ್ಟಿ ಇಳಿಸುವ ಹಳೆಯ ಯಂತ್ರ ಸೀಳಿಹೋಗಿತ್ತು. ಆರು ತಿಂಗಳು ಗೋಗರೆದ ಮೇಲೆ ಲ್ಯಾಬಿನ ಮಾಲೀಕರಾದ ತಂಗಪಾಂಡಿ ಸಾರ್ ಹೊಸದನ್ನು ತರಿಸಿದ್ದರು, ಜೊತೆಗೆ ನಲ್ಲಿ ಇರುವ ಇಪ್ಪತ್ತು ಲೀಟರಿನ ಕ್ಯಾನು. ಉಲಗಮ್ಮಾಳ್ ಕ್ಯಾನನ್ನು ತೊಳೆದು, ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. "ಅದಕ್ಕೊಂದು ಸೀರೆ ಉಡಿಸು," ಅಂದೆ. ಅವಳು ನಕ್ಕಳು. ಸಂಜೆ ಹೊತ್ತಿಗೆ ಕ್ಯಾನು ತುಂಬಿತ್ತು.

ಮಂಗಳವಾರ ಬೆಳಿಗ್ಗೆ ಅವರ ಉಪ್ಪನ್ನು ಒಣಗಿಸಿ, ತೂಗಿ, ನೀರಲ್ಲಿ ಕರಗಿಸಿದೆ. ಅದರಲ್ಲೊಂದು ಪಾಲು ಫ್ಲಾಸ್ಕಿಗೆ ಹಾಕಿ, ಹಳದಿ ಬಣ್ಣದ ನಾಲ್ಕು ಹನಿ ಬಿಟ್ಟು, ಬ್ಯುರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಇಳಿಸುತ್ತಾ ಹೋದೆ. ಉಪ್ಪು ಇರುವವರೆಗೆ ಮೊಸರಿನ ಹಾಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಉಪ್ಪು ಮುಗಿದ ಮರುಹನಿಗೆ ಹಳದಿ ಹೋಗಿ ಇಟ್ಟಿಗೆ ಕೆಂಪು. ಎಷ್ಟು ಇಳಿಯಿತು ಅನ್ನುವುದರ ಮೇಲೆ ಶುದ್ಧತೆ. ಉಲಗಮ್ಮಾಳ್ ಗೆರೆ ಓದಿದಳು, ನಾನು ರಿಜಿಸ್ಟರಿನಲ್ಲಿ ಬರೆದೆ. ನೀರಿನ ಕಾಲಂನಲ್ಲಿ ಎಂದಿನಂತೆ 0.0 ಬರೆದು ಲೆಕ್ಕ ಹಾಕಿದೆ. ಬಂದದ್ದು ನೂರು ಪಾಯಿಂಟ್ ಆರು.

ಮತ್ತೆ ಲೆಕ್ಕ ಹಾಕಿದೆ. ಅದೇ. ಮತ್ತೆ ಪರೀಕ್ಷೆ ಮಾಡಿದೆ. ಅದೇ.

ನೂರು ಗ್ರಾಂ ಉಪ್ಪಿನಲ್ಲಿ ನೂರು ಪಾಯಿಂಟ್ ಆರು ಗ್ರಾಂ ಉಪ್ಪು ಇರಲು ಹೇಗೆ ಸಾಧ್ಯ ಮಾರಾಯರೇ? ಒಂದು ಸೇರು ಅಕ್ಕಿಯಲ್ಲಿ ಸೇರಿಗಿಂತ ಜಾಸ್ತಿ ಅಕ್ಕಿ ಇರುತ್ತದೆಯೇ? ತಕ್ಕಡಿ ನೋಡಿದೆ, ಸರಿಯಿತ್ತು. ಬ್ಯುರೆಟ್ಟು ಬದಲಾಯಿಸಿದೆ. ನನ್ನ ಕನ್ನಡಕ ಒರೆಸಿದೆ.

"ಎಷ್ಟು ಬಂತು?" ಅಂತ ಕೇಳಿದಳು ಉಲಗಮ್ಮಾಳ್.

"ನೂರರ ಮೇಲೆ."

ಅವಳು ಖುಷಿಪಡುತ್ತಾಳೆ ಅಂದುಕೊಂಡೆ. ಅವಳ ಹುಬ್ಬು ಗಂಟಾಯಿತು. "ಇರಲ್ಲ ಟೀಚರಮ್ಮ. ನಮ್ಮ ಉಪ್ಪಲ್ಲಿ ಸ್ವಲ್ಪ ಕಹಿ ಉಳಿದಿದೆ. ನಾನು ಇನ್ನೆರಡು ದಿನ ಬಿಡಿ ಅಂದೆ, ಅವರು ಮೋಡ ನೋಡಿ ಹೆದರಿ ಎಳೆದುಬಿಟ್ರು. ತೊಂಬತ್ತೇಳೂವರೆ ಇದ್ದೀತು. ಮೇಲೆ ಇದ್ರೆ ನನ್ನ ನಾಲಿಗೆ ಕೆಟ್ಟಿದೆ ಅಂತ."

"ನಿನ್ನ ನಾಲಿಗೆಗೆ ಸರ್ಕಾರದ ಮುದ್ರೆ ಇಲ್ಲ," ಅಂದೆ. ಆದರೆ ಒಳಗೆ ಅಳುಕಿತ್ತು, ಆ ನಾಲಿಗೆ ಒಂಬತ್ತು ವರ್ಷದಲ್ಲಿ ತಪ್ಪಿದ್ದು ನಾನು ಕಂಡಿಲ್ಲ.

ಸಂಜೆ ತಂಗಪಾಂಡಿ ಸಾರ್ ರಿಜಿಸ್ಟರು ನೋಡಿದರು. ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಜೆಸಿಂತಾ, ಇದು ಉಲಗಮ್ಮನ ಗುಂಪಿನ ಉಪ್ಪಲ್ವಾ? ಬೀರುವಿನ ಬೀಗದ ಕೈ ಯಾರ ಹತ್ರ ಇರುತ್ತೆ?"

"ಅವಳ ಹತ್ರ."

"ಬೀರುವಿನಲ್ಲಿ ಶುದ್ಧ ಉಪ್ಪಿನ ಬಾಟಲಿ ಇದೆಯಲ್ಲ. ಅದನ್ನ ಬೆರೆಸಿದ್ರೆ?"

"ಸಾರ್, ಇಡೀ ಬಾಟಲಿ ಸುರಿದ್ರೂ ನೂರರ ಒಳಗೇ ಬರಬೇಕು. ನೂರು ದಾಟಲ್ಲ."

"ಮತ್ತೆ ದಾಟಿದೆಯಲ್ಲ?"

ಶುಕ್ರವಾರದೊಳಗೆ ಇದು ಏನೂಂತ ಹೇಳದಿದ್ದರೆ ಕಾಗದವೂ ಇಲ್ಲ, ಅವಳಿಗೆ ಇಲ್ಲಿ ಕೆಲಸವೂ ಇಲ್ಲ ಅಂದು ಅವರು ಎದ್ದು ಹೋದರು. ಬಾಗಿಲಾಚೆ ಉಲಗಮ್ಮಾಳ್ ಗಾಜು ತೊಳೆಯುತ್ತಿದ್ದಳು. ಕೇಳಿಸಿತ್ತೋ ಇಲ್ಲವೋ ತಿಳಿಯಲಿಲ್ಲ. ಬೀಗದ ಕೈಯನ್ನು ಮಾತ್ರ ಮನೆಗೆ ಹೋಗುವಾಗ ನನ್ನ ಮೇಜಿನ ಮೇಲಿಟ್ಟು ಹೋದಳು.

ಬುಧವಾರ ಅದೇ ಪೊಟ್ಟಣ, ಅದೇ ಒಣಗಿಸಿದ ಉಪ್ಪು, ಅದೇ ಕೈ. ಸರಿಯಾಗಿ ನೂರು ಬಂತು. ನಿನ್ನೆಗಿಂತ ಕಡಿಮೆ. ಮುಚ್ಚಿಟ್ಟ ಬಾಟಲಿಯಲ್ಲಿ ಕೂತ ಉಪ್ಪು ಒಂದು ರಾತ್ರಿಯಲ್ಲಿ ಕೊಳೆಯಾಯಿತೇ? ತಲೆ ಕೆಟ್ಟು ಬೇರೆ ಪಾತಿಯ ಉಪ್ಪು ಹಾಕಿದೆ, ಹೋದ ವಾರ ತೊಂಬತ್ತೆಂಟೂವರೆ ಬಂದಿದ್ದದ್ದು. ಅದೂ ನೂರು ದಾಟಿತು. ಆಗ ನಾನೇ ಬೀರು ತೆಗೆದು, ಮೊಹರು ಒಡೆಯದ ಶುದ್ಧ ಉಪ್ಪಿನ ಬಾಟಲಿ ತೆಗೆದು ಅದನ್ನೂ ಪರೀಕ್ಷಿಸಿದೆ. ನೂರೆರಡೂವರೆ. ಒಂದು ವಿಷಯವಂತೂ ನಿಚ್ಚಳವಾಯಿತು, ಉಲಗಮ್ಮಾಳ್ ಏನೂ ಬೆರೆಸಿಲ್ಲ. ಸಾರ್‌ಗೆ ಫೋನು ಮಾಡಿ ಹೇಳಿದೆ.

"ಹಾಗಾದ್ರೆ ಏನು ಜೆಸಿಂತಾ?"

"ಗೊತ್ತಿಲ್ಲ ಸಾರ್."

"ನಿಮಗೇ ಗೊತ್ತಿಲ್ಲ ಅಂದ್ರೆ ನಾನು ಬೋರ್ಡು ತೆಗೆದು ಪರೋಟ ಅಂಗಡಿ ಇಡ್ಲಾ?"

ಅಂದು ಊಟ ಇಳಿಯಲಿಲ್ಲ. ಉಲಗಮ್ಮಾಳ್ ತಾನು ತಂದಿದ್ದ ಸಾಳೆ ಮೀನಿನ ಸಾರನ್ನು ನನ್ನ ಡಬ್ಬಿಗೆ ಬಗ್ಗಿಸಿದಳು. "ತಿನ್ನಿ. ಖಾಲಿ ಹೊಟ್ಟೇಲಿ ಗೆರೆ ಎರಡೆರಡು ಕಾಣುತ್ತೆ," ಅಂದಳು. ಸಾರು ಸಪ್ಪೆಯಾಗಿತ್ತು. ಉಪ್ಪು ಹಾಕಲು ಮರೆತಿದ್ದಳು. ಅವಳ ತಲೆಯೂ ಎಲ್ಲಿತ್ತೋ ಅನ್ನುವುದು ಆಗ ನನಗೆ ಗೊತ್ತಾಯಿತು.

"ಅಕ್ಕ, ನಿನ್ನೆ ಸಾರ್ ಅಂದದ್ದು ಕೇಳಿಸ್ತಾ?"

"ಕೇಳಿಸ್ತು."

"ನಾನು ನಂಬಲಿಲ್ಲ."

"ಗೊತ್ತು. ನಂಬಿದ್ರೆ ನೀವು ಕಿರುಚ್ತಿದ್ರಿ."

ಗುರುವಾರ ಮತ್ತೆ ಅವರ ಉಪ್ಪು. ತೊಂಬತ್ತೊಂಬತ್ತೂವರೆ. ದಿನ ದಿನಕ್ಕೆ ಇಳಿಯುತ್ತಿದೆ. ಹೀಗೇ ಬಿಟ್ಟರೆ ಇನ್ನು ನಾಲ್ಕು ತಿಂಗಳಿಗೆ, ಆಡಿ ಬರುವ ಹೊತ್ತಿಗೆ ಅದು ಮರಳಾಗುತ್ತದೆ ಅಂತ ನನಗೆ ನಾನೇ ಅಂದುಕೊಂಡು ಹುಚ್ಚಿಯ ಹಾಗೆ ನಕ್ಕೆ. ಆದರೆ ಈ ಅಂಕಿ ನೋಡಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ನೂರರ ಒಳಗಿದೆ, ತೊಂಬತ್ತೆಂಟರ ಮೇಲಿದೆ. ಕಾಗದ ಟೈಪು ಮಾಡಿ ಇಟ್ಟೆ. ಸಹಿ ಹಾಕಲು ಕೈ ಏಳಲಿಲ್ಲ.

ಉಳಿದದ್ದು ಒಂದೇ ದಾರಿ. ಸಿಲ್ವರ್ ನೈಟ್ರೇಟೇ ಶಕ್ತಿ ಕಳೆದುಕೊಂಡಿರಬೇಕು, ಅದಕ್ಕೇ ಜಾಸ್ತಿ ಇಳಿಯುತ್ತಿದೆ. ಹೊಸದಾಗಿ ಕಲಸೋಣ ಅಂತ ಹರಳುಗಳನ್ನು ತೂಗಿ, ಜಾಡಿಗೆ ಹಾಕಿ, ಕ್ಯಾನಿನ ನಲ್ಲಿ ತಿರುಗಿಸಿದೆ. ಕನ್ನಡಿಯ ಹಾಗೆ ತಿಳಿಯಾಗಿರಬೇಕಾದ ದ್ರಾವಣ ಹಾಲು ಬೆರೆಸಿದಂತೆ ಮಬ್ಬಾಯಿತು.

ನಾನು ಜಾಡಿ ಹಿಡಿದುಕೊಂಡೇ ನಿಂತೆ. ಸಿಲ್ವರ್ ನೈಟ್ರೇಟ್ ಬಿಳಿಯಾಗುವುದು ಉಪ್ಪಿಗೆ. ಅದರಲ್ಲಿ ಉಪ್ಪು ಹಾಕಿಲ್ಲ. ಹಾಕಿದ್ದು ನೀರು.

"ಈ ಕ್ಯಾನಿಗೆ ಯಾರು ಏನು ಹಾಕಿದ್ರಿ?" ಅಂತ ಕಿರುಚಿದೆ. ಆ ಸದ್ದಿಗೆ ತಂಗಪಾಂಡಿ ಸಾರ್ ಮುಂದಿನ ಕೋಣೆಯಿಂದ ಎದ್ದು ಬಂದರು.

ಉಲಗಮ್ಮಾಳ್ ಕೈ ಒರೆಸಿಕೊಳ್ಳುತ್ತಾ ಬಂದಳು. "ನಾನೇ. ಸೋಮವಾರ. ಒಂದೆರಡು ಚಿಟಿಕೆ."

"ಏನದು?"

"ಉಪ್ಪು." ಇದೇನು ಕೇಳುವ ಮಾತು ಅನ್ನುವ ಹಾಗಿತ್ತು ಅವಳ ಮುಖ. "ಹೊಸ ಪಾತ್ರೆ ಬಂದ್ರೆ ಮೊದಲು ಉಪ್ಪು ತಾನೆ ಹಾಕೋದು? ಬರಿದು ಪಾತ್ರೆಗೆ ಸುಮ್ನೆ ನೀರು ತುಂಬ್ತಾರಾ? ನಮ್ಮ ರಾಶಿಯಿಂದಾನೇ ತಂದು ಹಾಕ್ದೆ, ಮೊದಲ ಉಪ್ಪು, ಒಳ್ಳೇದಾಗ್ಲಿ ಅಂತ. ಇಪ್ಪತ್ತು ಲೀಟರಲ್ಲಿ ಎರಡು ಚಿಟಿಕೆ. ನಾಲಿಗೆಗೂ ಸಿಗಲ್ಲ, ನೋಡ್ದೆ."

ಬೈಯಲು ಬಾಯಿ ತೆರೆದವಳು ಜಾಡಿಯನ್ನು ಮೇಜಿನ ಮೇಲಿಟ್ಟೆ. ನಾವು ಹೊಸ ಮನೆಗೆ ಹೋದ ದಿನ ನಮ್ಮಮ್ಮ ಒಂದು ಕೈಯಲ್ಲಿ ಮೇರಿ ಮಾತೆಯ ಪಟ, ಇನ್ನೊಂದು ಕೈಯಲ್ಲಿ ಉಪ್ಪಿನ ಮಡಕೆ ಹಿಡಿದು ಹೊಸಿಲು ದಾಟಿದ್ದಳು. ಹೊಸ ಬಿಂದಿಗೆ ತಂದಾಗ ನಾನೂ ಹಾಕಿದ್ದೇನೆ. ಈ ಊರಲ್ಲಿ ಹಾಕದವರು ಯಾರು? ಎರಡು ಚಿಟಿಕೆ ಉಪ್ಪು, ದಿನಾ ಮೇಲೆ ಮೇಲೆ ಒಳ್ಳೆ ನೀರು ತುಂಬಿದಷ್ಟೂ ತೆಳ್ಳಗಾಗುತ್ತಾ, ನನ್ನ ಅಂಕಿಗಳನ್ನು ಮೆಟ್ಟಿಲಿಳಿಸಿತ್ತು. ಮೂರು ದಿನದಿಂದ ನನ್ನ ತಲೆ ತಿಂದ ಗೋಜಲು ಒಂದೇ ಕ್ಷಣಕ್ಕೆ ಬಿಡಿಸಿಕೊಂಡಿತು.

ತಂಗಪಾಂಡಿ ಸಾರ್‌ಗೆ ಸಮಾಧಾನವಾಗಲಿಲ್ಲ. "ಮೂರು ದಿನದ ಟೆಸ್ಟೆಲ್ಲ ನೀರುಪಾಲು. ನೀನು ನಾಳೆಯಿಂದ ಬರೋದು ಬೇಡಮ್ಮ," ಅಂದರು.

ಉಲಗಮ್ಮಾಳ್ ಎದುರಾಡಲಿಲ್ಲ. ತಪ್ಪು ನಂದೇ ಅಂದಳು. ಮೂಲೆಯಲ್ಲಿದ್ದ ಊಟದ ಚೀಲ ಎತ್ತಿಕೊಂಡಳು. ಹೋಗುವ ಮುಂಚೆ ಒಂದು ಸಲ ಮೇಜಿನ ಮೇಲೆ ತೆರೆದಿದ್ದ ರಿಜಿಸ್ಟರಿನ ಕಡೆ ನೋಡಿ ತಕ್ಷಣ ಕಣ್ಣು ತಿರುಗಿಸಿದಳು.

ಆ ನೋಟ ನನಗೆ ಮಾತ್ರ ಅರ್ಥವಾಯಿತು. ನೀರಿನ ಕಾಲಂ. ಪ್ರತಿ ದಿನ ಉಪ್ಪನ್ನು ಮುಟ್ಟುವ ಮುಂಚೆ ಬರೀ ನೀರನ್ನು ಪರೀಕ್ಷಿಸಿ, ಬಂದದ್ದನ್ನು ಅಲ್ಲಿ ಬರೆದು, ಉಪ್ಪಿನ ಅಂಕಿಯಿಂದ ಕಳೆಯಬೇಕು. ಹತ್ತು ನಿಮಿಷದ ಕೆಲಸ. ನಾನು ಅದನ್ನು ಮಾಡುತ್ತಿರಲಿಲ್ಲ. ಯಾವಾಗಲೂ ಸೊನ್ನೆಯೇ ತಾನೆ ಅಂತ 0.0 ಬರೆಯುತ್ತಿದ್ದೆ. ಎಷ್ಟು ವರ್ಷದಿಂದ ಅಂತ ಕೇಳಬೇಡಿ. ದಿನಾ ಎಷ್ಟು ಫ್ಲಾಸ್ಕು ತೊಳೆಯಲು ಬೀಳುತ್ತವೆ ಅಂತ ಬಲ್ಲವಳು ಅವಳು. ಅಂಕಿಯನ್ನೂ ನಾನೇ ಕಲಿಸಿದ್ದೆ. ನೀರಿನ ಫ್ಲಾಸ್ಕು ಒಂದು ದಿನವೂ ಅವಳ ಕೈಗೆ ಬಂದಿರಲಿಲ್ಲ. ಒಂದು ಮಾತು ಅಂದಿದ್ದರೆ ಸಾಕಿತ್ತು, ಅನ್ನಲಿಲ್ಲ. ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ಹೋಗಿದ್ದಳು. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ ಕೂಡ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ನಿಲ್ಲು ಅಕ್ಕ," ಅಂದೆ. "ಸಾರ್, ಕಳಿಸೋದಾದ್ರೆ ನನ್ನನ್ನ ಕಳಿಸಿ. ಮಂಗಳವಾರ ಬೆಳಿಗ್ಗೆ ನಾನು ನೀರು ನೋಡಿದ್ರೆ ಆಗ್ಲೇ ಸಿಗ್ತಿತ್ತು. ನೋಡದೇನೇ ಸೊನ್ನೆ ಬರ್ದಿದೀನಿ. ಮಂಗಳವಾರ ಒಂದೇ ಅಲ್ಲ."

ಅವರು ರಿಜಿಸ್ಟರು ಎಳೆದುಕೊಂಡು ಹಿಂದಿನ ಪುಟ, ಅದರ ಹಿಂದಿನ ಪುಟ ತಿರುವಿದರು. ಸಾಲು ಸಾಲಾಗಿ 0.0. ಮುಖ ಕೆಂಪಾಯಿತು. ನನ್ನನ್ನು ನೋಡಿದರು, ಅವಳನ್ನು ನೋಡಿದರು. ಇಬ್ಬರನ್ನೂ ಕಳಿಸಿದರೆ ಲ್ಯಾಬಿನಲ್ಲಿ ಉಳಿಯುವುದು ಅವರೊಬ್ಬರೇ.

"ಮೊದಲು ಆ ಕ್ಯಾನು ತೊಳೀರಿ," ಅಂದು ಹೊರಗೆ ಹೋದರು.

ತೊಳೆದೆವು. ಯಂತ್ರದಿಂದ ಇಳಿದ ಹೊಸ ನೀರು ಹಿಡಿದೆವು. ಸಿಲ್ವರ್ ನೈಟ್ರೇಟ್ ಹೊಸದಾಗಿ ಕಲಸಿದೆ, ತಿಳಿಯಾಗಿ ನಿಂತಿತು. ಮೊದಲು ಬರೀ ನೀರಿಗೆ ಹನಿ ಬಿಟ್ಟೆ, ಉಲಗಮ್ಮಾಳ್ ಬಗ್ಗಿ ಗೆರೆ ಓದಿದಳು. 0.1. ಅಷ್ಟು ವರ್ಷದಲ್ಲಿ ಆ ಕಾಲಂನಲ್ಲಿ ನಾನು ಬರೆದ ಮೊದಲ ನಿಜವಾದ ಅಂಕಿ ಅದು, ಮತ್ತು ಅದು ಸೊನ್ನೆಯಾಗಿರಲಿಲ್ಲ. ಆಮೇಲೆ ಅವರ ಉಪ್ಪು. ಮೂರು ಸಲ ಮಾಡಿದೆ, ಮೂರು ಸಲವೂ ತೊಂಬತ್ತೇಳು ಪಾಯಿಂಟ್ ಆರು.

"ನಾನು ಹೇಳಿದ್ನಲ್ಲ," ಅಂದಳು. ನಾಲಿಗೆ ಗೆದ್ದಿತ್ತು, ಮುಖ ಬಾಡಿತ್ತು.

ಟೈಪು ಮಾಡಿದ ಕಾಗದ ಇನ್ನೂ ಮೇಜಿನ ಮೇಲಿತ್ತು. ತೊಂಬತ್ತೊಂಬತ್ತೂವರೆ. ಹನ್ನೊಂದು ಹೆಂಗಸರು ಅದಕ್ಕಾಗಿ ಕಾಯುತ್ತಿದ್ದರು. ನನ್ನ ಬುದ್ಧಿ ನೋಡಿ, ಇಷ್ಟೆಲ್ಲ ಆದ ಮೇಲೂ ಆ ಕಾಗದವನ್ನು ಅವಳ ಕಡೆ ಸರಿಸಿ, "ಇದೂ ಒಂದು ರಿಪೋರ್ಟೇ ಅಕ್ಕ. ಬೆಳಿಗ್ಗೆ ಬಂದಿದ್ದು. ಸಹಿ ಹಾಕ್ತೀನಿ ಅಂದ್ರೆ..." ಅಂದೆ.

ಅವಳು ಅಂಕಿಯ ಮೇಲೆ ಬೆರಳಿಟ್ಟು ಓದಿಕೊಂಡಳು. "ಇದು ನಮ್ಮ ಉಪ್ಪಲ್ಲ ಟೀಚರಮ್ಮ. ನಮ್ಮ ಉಪ್ಪು ಮತ್ತೆ ನಾನು ಹಾಕಿದ ಚಿಟಿಕೆ, ಎರಡೂ ಸೇರಿ. ಹರಿದುಹಾಕಿ."

"ಲಾರಿ ವಾಪಸ್ ಹೋಗುತ್ತೆ."

"ಹೋಗ್ಲಿ. ಬರೋ ತಿಂಗಳೂ ಅವರು ಬರ್ಬೇಕಲ್ಲ."

ಶುಕ್ರವಾರ ಕಾರ್ಖಾನೆಯವರಿಗೆ ಅವಳೇ ಫೋನು ಮಾಡಿ ತೊಂಬತ್ತೇಳು ಪಾಯಿಂಟ್ ಆರು ಅಂದಳು. ಒಂದು ವಾರ ಬಿಡುವು ಕೇಳಿದಳು. ಆ ಕಡೆಯವನು ಬಹಳ ಹೊತ್ತು ಏನೋ ಹೇಳಿದ, ಕೊನೆಗೆ ನೋಡೋಣ ಅಂದ. ಅಂದು ಸಂಜೆಯಿಂದಲೇ ಹೆಂಗಸರು ಉಪ್ಪಾಗಿ ಕೂರುವ ಮುಂಚಿನ ಗಟ್ಟಿ ನೀರನ್ನು ಮೊಗೆ ಮೊಗೆದು ರಾಶಿಯ ಮೇಲೆ ಸುರಿದರು. ಆ ನೀರು ಉಪ್ಪನ್ನು ಕರಗಿಸುವುದಿಲ್ಲ, ಕಹಿಯನ್ನು ಮಾತ್ರ ತೊಳೆದುಕೊಂಡು ಇಳಿಯುತ್ತದೆ. ನಾಲ್ಕು ದಿನ ತೊಳೆದರು. ಉಲಗಮ್ಮಾಳ್ ದಿನಾ ಕೆಲಸ ಮುಗಿಸಿ ದಂಡೆಗೆ ಹೋಗಿ ಒಂದೊಂದು ಹರಳು ಬಾಯಿಗೆ ಹಾಕಿಕೊಂಡು, ಇನ್ನೂ, ಇನ್ನೂ ಅನ್ನುತ್ತಿದ್ದಳಂತೆ. ಐದನೇ ದಿನ ಸಾಕು ಅಂದಳು.

ಪೊಟ್ಟಣ ಮತ್ತೆ ಊಟದ ಚೀಲದಲ್ಲಿ ಬಂತು. ಈ ಸಲ ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ತಂಗಪಾಂಡಿ ಸಾರ್ ಮೇಜಿನ ಮೇಲಿಟ್ಟು, ನೀವೇ ತೂಗಿ ಅಂದಳು. ಅವರು ತಕ್ಕಡಿಗೆ ಹಾಕಿ ತೂಗಿ, "ಬೀಗದ ಕೈ ಇಟ್ಕೊಮ್ಮ ನೀನು," ಅಂತ ಮಾತ್ರ ಹೇಳಿದರು.

ನಾನು ಉಪ್ಪಿನ ಫ್ಲಾಸ್ಕಿಗೆ ಕೈ ಹಾಕಿದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಬರೀ ನೀರಿದ್ದ ಇನ್ನೊಂದು ಫ್ಲಾಸ್ಕನ್ನು ಬ್ಯುರೆಟ್ಟಿನ ಕೆಳಗಿಟ್ಟಳು.

"ಇದು ಮೊದಲು," ಅಂದಳು. ಅವಳು ನನ್ನನ್ನು ಗದರಿದ್ದು ಆ ಒಂಬತ್ತು ವರ್ಷದಲ್ಲಿ ಅದೊಂದೇ ಸಲ.

ನೀರಿಗೆ 0.1. ಉಪ್ಪಿಗೆ ಅದನ್ನು ಕಳೆದು ತೊಂಬತ್ತೆಂಟು ಪಾಯಿಂಟ್ ಎರಡು. ಅವಳು ಅದನ್ನು ಒಂದು ಸಲ ನನ್ನ ಬಾಯಲ್ಲಿ ಹೇಳಿಸಿ, ಇನ್ನೊಂದು ಸಲ ತಾನೇ ಓದಿ, ಮೂಲೆಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬಂದು ಎರಡೂ ಫ್ಲಾಸ್ಕು ಎತ್ತಿಕೊಂಡು ತೊಳೆಯಲು ಹೋದಳು.